ಸೈರನ್ ಕೂಗಿದ ಮೇಲೆ ಹೊರಟರೆ ಸಾಕಾ?

ನೆರೆ ಮತ್ತು ಗುಡ್ಡ ಕುಸಿತದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ನೀರು ನುಗ್ಗಿದ ಮೇಲಿನ ಮಾತು. ದೋಣಿ ಎಲ್ಲಿ ಸಿಗುತ್ತೆ, ಪರಿಹಾರ ಯಾವಾಗ ಬರುತ್ತೆ ಅಂತ. ನೀರು ಬರುವ ಮೊದಲು ಏನಾಗಬೇಕು ಎಂದು ಕೇಳಿದವರು ಕಡಿಮೆ. ಅಂಥ ಪತ್ರಗಳನ್ನೇ ಹೆಕ್ಕಿ ಈ ಸಲ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಬರೆದಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ವಿಪತ್ತು ನಿರ್ವಹಣೆ ಅಂತ ದೊಡ್ಡ ಇಲಾಖೆಗಳೇ ಇವೆ. ಆದರೆ ಮಳೆ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ ಅಲ್ವಾ? ದೋಣಿ, ಹೆಲಿಕಾಪ್ಟರ್ ಬಿಟ್ಟರೆ ಅವರು ಮಾಡೋದೇನು?

ಮಳೆ ನಿಲ್ಲಿಸೋಕೆ ಆಗಲ್ಲ, ನಿಜ. ಆದರೆ ನೀರೋ ಮಣ್ಣೋ ಬಂದು ಬೀಳುವ ಹೊತ್ತಿಗೆ ಆ ಜಾಗದಲ್ಲಿ ಜನ ಇರದ ಹಾಗೆ ನೋಡಿಕೊಳ್ಳಬಹುದು. ಇಡೀ ಕೆಲಸದ ತಿರುಳು ಇಷ್ಟೇ.

ಸ್ವಿಟ್ಜರ್ಲೆಂಡಿನಲ್ಲಿ ಬ್ಲಾಟೆನ್ ಎಂಬ ಹಳ್ಳಿ ಇತ್ತು. ಇತ್ತು ಎಂದೇ ಹೇಳಬೇಕು. 2025ರ ಮೇ ತಿಂಗಳಲ್ಲಿ ಅದರ ಮೇಲಿನ ಶಿಖರದಿಂದ ಬಂಡೆಗಳು ಕಳಚಿ ಕೆಳಗಿನ ಹಿಮನದಿಯ ಮೇಲೆ ರಾಶಿ ಬೀಳತೊಡಗಿದವು. ಬೆಟ್ಟ ಎಷ್ಟು ಜರುಗುತ್ತಿದೆ ಎಂದು ಅಳೆಯುತ್ತಿದ್ದವರು ಇದು ನಿಲ್ಲುವ ಲಕ್ಷಣ ಅಲ್ಲ ಎಂದರು. ಮೇ 19ರ ಹೊತ್ತಿಗೆ ಸುಮಾರು 300 ಜನರನ್ನು ಮನೆ ಬಿಡಿಸಿದರು, ದನಗಳನ್ನೂ ಸಾಗಿಸಿದರು. ಮೇ 28ರಂದು ಹಿಮನದಿ ಬಂಡೆ ಮಣ್ಣಿನ ಸಮೇತ ಕುಸಿದು ಊರಿನ ಮುಕ್ಕಾಲು ಭಾಗಕ್ಕೂ ಜಾಸ್ತಿ ಮುಚ್ಚಿಹೋಯಿತು. ಒಬ್ಬರು ಜೀವ ಕಳೆದುಕೊಂಡರು. ಆ ದಿನ ಊರಲ್ಲಿ ಎಲ್ಲರೂ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ. ಮನೆ ಹೋದದ್ದು ಸಣ್ಣ ನೋವಲ್ಲ, ಆದರೆ ಆ 300 ಜನ ಬದುಕಿದ್ದಾರೆ.

ಇದು ಒಂದು ದಿನದಲ್ಲಿ ಆಗುವ ಕೆಲಸ ಅಲ್ಲ. ಯಾವ ಬೀದಿಗೆ ಮೊದಲು ನೀರು ಬರುತ್ತೆ, ಯಾವ ಇಳಿಜಾರು ಹಿಂದೆ ಕುಸಿದಿತ್ತು, ಯಾವ ಸೇತುವೆ ಮುಳುಗಿದರೆ ಊರು ದ್ವೀಪ ಆಗುತ್ತೆ, ಜನರನ್ನು ಯಾವ ಕಟ್ಟಡಕ್ಕೆ ಕಳಿಸೋದು, ಆ ಕಟ್ಟಡದ ಬೀಗದ ಕೈ ರಾತ್ರಿ ಎರಡು ಗಂಟೆಗೆ ಯಾರ ಹತ್ತಿರ ಇರುತ್ತೆ, ಇದೆಲ್ಲ ಬಿಸಿಲು ಕಾಯುವ ದಿನಗಳಲ್ಲೇ ತೀರ್ಮಾನ ಆಗಿರಬೇಕು. ಬೀಗದ ಕೈ ವಿಷಯ ಸುಮ್ನೆ ಹೇಳುತ್ತಿಲ್ಲ. ಮಳೆಯಲ್ಲಿ ನೆನೆಯುತ್ತಾ ಜನ ಬಾಗಿಲ ಹೊರಗೆ ನಿಂತರೆ ಮುಂದಿನ ಸಲ ಕರೆದರೂ ಬರುವುದಿಲ್ಲ.

ಪ್ರಶ್ನೆ: ಈಗ ಉಪಗ್ರಹ ಇದೆ, ರೇಡಾರ್ ಇದೆ, ಮೊಬೈಲ್ ಇದೆ. ಶ್ರೀಮಂತ ದೇಶಗಳಲ್ಲೂ ನೆರೆಗೆ ನೂರಾರು ಜನ ಸಾಯುತ್ತಾರಲ್ಲ, ಹೇಗೆ? ಮುನ್ಸೂಚನೆ ತಪ್ಪಾಗಿತ್ತಾ?

ಬಹಳಷ್ಟು ಸಲ ಮುನ್ಸೂಚನೆ ಸರಿಯಾಗೇ ಇರುತ್ತೆ. ಅದು ಕಚೇರಿಯಿಂದ ಮನೆಬಾಗಿಲಿಗೆ ಬರುವ ದಾರಿಯಲ್ಲಿ ಎಲ್ಲೋ ನಿಂತುಬಿಡುತ್ತೆ.

2021ರ ಜುಲೈ 14ರ ರಾತ್ರಿ ಜರ್ಮನಿಯ ಆರ್ ನದಿ ಕಣಿವೆಯಲ್ಲಿ ಆದದ್ದು ಇದೇ. ಯುರೋಪಿನ ಪ್ರವಾಹ ಮುನ್ಸೂಚನೆ ವ್ಯವಸ್ಥೆ ಆ ಪ್ರದೇಶಕ್ಕೆ ಅಪಾಯ ಇದೆ ಎಂದು ದಿನಗಳ ಮೊದಲೇ ತಿಳಿಸಿತ್ತು. ಆದರೆ ಸಣ್ಣ ನದಿ, ಕಡಿದಾದ ಕಣಿವೆ, ಕತ್ತಲು. ನೀರು ಎಷ್ಟು ಏರಿತು ಅಂದರೆ ನೀರಿನ ಮಟ್ಟ ಅಳೆಯುವ ಮಾಪಕವೇ ಕೊಚ್ಚಿಹೋಯಿತು. ಆ ಒಂದು ಕಣಿವೆಯಲ್ಲೇ 130ಕ್ಕಿಂತ ಹೆಚ್ಚು ಜನ ಸತ್ತರು. ಎಷ್ಟೋ ಜನರಿಗೆ ಎಚ್ಚರಿಕೆ ತಲುಪಲೇ ಇಲ್ಲ. ತಲುಪಿದವರಿಗೂ ನೀರು ಎಷ್ಟು ಎತ್ತರ ಬರುತ್ತೆ, ನಾವು ಈಗ ಏನು ಮಾಡಬೇಕು ಎಂಬುದು ಅರ್ಥವಾಗಲಿಲ್ಲ.

ಸ್ಪೇನಿನ ವಾಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ರಂದು ಹವಾಮಾನ ಇಲಾಖೆ ಬೆಳಿಗ್ಗೆಯೇ ರೆಡ್ ಅಲರ್ಟ್ ಕೊಟ್ಟಿತ್ತು. ಜನರ ಮೊಬೈಲ್‌ಗಳಿಗೆ ತುರ್ತು ಸಂದೇಶ ಹೋದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟರಲ್ಲಿ ಹಲವು ಊರುಗಳ ಬೀದಿಗಳಲ್ಲಿ ನೀರು ಹರಿಯುತ್ತಿತ್ತು. 220ಕ್ಕೂ ಹೆಚ್ಚು ಜನ ಹೋದರು. ಬೆಳಿಗ್ಗೆಗೂ ರಾತ್ರಿಗೂ ನಡುವೆ ಇಡೀ ಒಂದು ದಿನ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತೆ.

ಮೊಬೈಲ್ ಸಂದೇಶದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದರಲ್ಲಿ ಗೊಂದಲ ಜಾಸ್ತಿ. ಮಾಮೂಲಿ ಎಸ್‌ಎಂಎಸ್ ಒಂದೊಂದು ನಂಬರಿಗೆ ಒಂದೊಂದಾಗಿ ಹೋಗುತ್ತೆ. ಲಕ್ಷ ಜನರಿಗೆ ಕಳಿಸಿದರೆ ಸಾಲಿನಲ್ಲಿ ನಿಲ್ಲುತ್ತೆ. ಸೆಲ್ ಬ್ರಾಡ್‌ಕಾಸ್ಟ್ ಎನ್ನುವುದು ಹಾಗಲ್ಲ, ಅದು ರೇಡಿಯೊ ಇದ್ದಂತೆ. ಒಂದು ಟವರ್ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಟ್ಟಿಗೆ ಹೋಗುತ್ತೆ, ನಿಮ್ಮ ನಂಬರ್ ಯಾರಿಗೂ ಗೊತ್ತಿರಬೇಕಿಲ್ಲ, ಜೋರಾಗಿ ಸದ್ದು ಮಾಡುತ್ತೆ. ಜರ್ಮನಿ ಇದನ್ನು ಜಾರಿಗೆ ತಂದದ್ದು ಆರ್ ಕಣಿವೆಯ ದುರಂತದ ನಂತರ, 2023ರಲ್ಲಿ. ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ತುರ್ತು ಎಚ್ಚರಿಕೆ ಎಂಬ ಆಯ್ಕೆ ಇರುತ್ತೆ. ಕಿರಿಕಿರಿ ಎಂದು ಅದನ್ನು ಬಂದ್ ಮಾಡಿದ್ದರೆ ದಯವಿಟ್ಟು ಇವತ್ತೇ ಆನ್ ಮಾಡಿ.

ಆದರೆ ಕರೆಂಟ್ ಹೋಗಿ ಟವರ್ ಸತ್ತರೆ? ಆಗ ಸೈರನ್ ಬೇಕು, ಮೈಕ್ ಬೇಕು, ಬಾಗಿಲು ತಟ್ಟುವ ಮನುಷ್ಯ ಬೇಕು. ಬಾಂಗ್ಲಾದೇಶ ಇದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದೆ. 1970ರ ಚಂಡಮಾರುತದಲ್ಲಿ ಸಮುದ್ರ ಉಕ್ಕಿ ಅಲ್ಲಿ ಕಡಿಮೆ ಎಂದರೂ ಮೂರು ಲಕ್ಷ ಜನ ಸತ್ತಿದ್ದರು. ಎರಡು ವರ್ಷದ ನಂತರ ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರ ಪಡೆ ಕಟ್ಟಲು ಶುರು ಮಾಡಿದರು. ಈಗ 76,000ಕ್ಕೂ ಹೆಚ್ಚು ಜನ ಇದ್ದಾರೆ, ಅರ್ಧದಷ್ಟು ಹೆಂಗಸರು. ಬಾವುಟ ಏರಿಸುತ್ತಾರೆ, ಮೆಗಾಫೋನ್ ಹಿಡಿದು ಕೂಗುತ್ತಾರೆ, ಮನೆಮನೆಗೆ ಹೋಗುತ್ತಾರೆ. 2020ರ ಆಂಫಾನ್ ಚಂಡಮಾರುತಕ್ಕೆ ಮೊದಲು ಅಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಆಸರೆ ಕೇಂದ್ರಗಳಿಗೆ ಹೋಗಿದ್ದರು. ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. ಎರಡೂ ಚಂಡಮಾರುತ ಒಂದೇ ತೂಕದವು ಎಂದು ನಾನು ಹೇಳುತ್ತಿಲ್ಲ, ಆದರೂ ಲಕ್ಷಕ್ಕೂ ಹತ್ತುಗಳಿಗೂ ಇರುವ ಅಂತರ ಬರೀ ಗಾಳಿಯದ್ದಲ್ಲ. ಗುರುತಿರುವ ಪಕ್ಕದ ಮನೆಯಾಕೆ ಬಂದು "ಏಳಿ, ಹೊರಡಿ" ಅಂದರೆ ಜನ ಹೊರಡುತ್ತಾರೆ.

ಸಂದೇಶದ ಮಾತೂ ಮುಖ್ಯ. "ಭಾರಿ ಮಳೆಯ ಸಾಧ್ಯತೆ, ಎಚ್ಚರದಿಂದಿರಿ" ಎಂದರೆ ಓದಿದವರು ಏನು ಮಾಡಬೇಕು? ಕೊಡೆ ಹಿಡಿಯಬೇಕಾ? "ಹೊಳೆ ಪಕ್ಕದ ಮೂರು ಬೀದಿಯವರು ಸಂಜೆ ಆರರೊಳಗೆ ಶಾಲೆಗೆ ಬನ್ನಿ, ಸೇತುವೆ ದಾರಿ ಬೇಡ" ಎಂದರೆ ಮಾತು ಮುಗಿಯಿತು.

ಪ್ರಶ್ನೆ: ಎರಡು ವರ್ಷದಲ್ಲಿ ಮೂರು ಸಲ ಮನೆ ಖಾಲಿ ಮಾಡಿಸಿದರು. ಒಂದು ಸಲವೂ ಗುಡ್ಡ ಕುಸಿಯಲಿಲ್ಲ. ನಾಲ್ಕನೇ ಸಲವೂ ಹೋಗಬೇಕಾ?

ಹೋಗಬೇಕು. ನಿಮ್ಮ ಬೇಸರ ನನಗೆ ಅರ್ಥವಾಗುತ್ತೆ, ಆದರೂ ಹೋಗಿ.

ಇಷ್ಟು ಮಳೆ ಬಿದ್ದರೆ ಈ ಪ್ರದೇಶದಲ್ಲಿ ಎಲ್ಲೋ ಕುಸಿಯಬಹುದು ಎಂದು ಹೇಳೋಕೆ ಆಗುತ್ತೆ. ಎಲ್ಲಿ, ಎಷ್ಟು ಗಂಟೆಗೆ ಎಂದು ಹೇಳೋದು ತುಂಬಾ ಕಷ್ಟ. ಸ್ವಿಟ್ಜರ್ಲೆಂಡಿನದ್ದೇ ಇನ್ನೊಂದು ಹಳ್ಳಿ ಬ್ರಿಯೆನ್ಜ್. 2023ರ ಮೇ 12ಕ್ಕೆ ಎಲ್ಲರನ್ನೂ ಹೊರಗೆ ಕಳಿಸಿದರು. ಬಂಡೆ ಬಿದ್ದದ್ದು ಜೂನ್ 15ರ ರಾತ್ರಿ. ಒಂದು ತಿಂಗಳಿಗೂ ಜಾಸ್ತಿ ಅವರು ಬೇರೆಯವರ ಮನೆಯಲ್ಲಿ ಕಾದರು. ಬಂಡೆ ರಾಶಿ ಶಾಲೆಯ ಹತ್ತಿರಕ್ಕೆ ಬಂದು ನಿಂತಿತು. ವಾಪಸ್ ಬಂದವರು 2024ರ ನವೆಂಬರ್‌ನಲ್ಲಿ ಮತ್ತೆ ಊರು ಬಿಡಬೇಕಾಯಿತು. ಪ್ರತಿ ಗಳಿಗೆ ಅಳೆಯುವ ಯಂತ್ರ ಇಟ್ಟ ಬೆಟ್ಟದ ಕತೆಯೇ ಇದು. ಯಂತ್ರ ಇಲ್ಲದ ನೂರಾರು ಗುಡ್ಡಗಳ ವಿಷಯದಲ್ಲಿ ಇದಕ್ಕಿಂತ ಕರಾರುವಾಕ್ಕಾಗಿ ಹೇಳೋಕೆ ಆಗಲ್ಲ.

ಆದರೆ ಒಂದು ಮಾತು ಅಧಿಕಾರಿಗಳಿಗೂ ಹೇಳಬೇಕು. ಎಚ್ಚರಿಕೆ ಕೊಟ್ಟು ಏನೂ ಆಗದಿದ್ದರೆ ಸುಮ್ಮನಾಗಬಾರದು. ಯಾಕೆ ಕರೆದೆವು, ಎಷ್ಟು ಮಳೆ ಅಂದುಕೊಂಡಿದ್ದೆವು, ಎಷ್ಟು ಬಿತ್ತು ಎಂದು ಊರವರನ್ನು ಕೂರಿಸಿ ಹೇಳಬೇಕು. ಹಾಗೆ ಹೇಳಿದ ಕಡೆ ಜನರ ನಂಬಿಕೆ ಉಳಿಯುತ್ತೆ. ಮತ್ತೆ, ಜನ ಬರಲ್ಲ ಎಂದು ದೂರುವವರು ಆ ಕೇಂದ್ರದಲ್ಲಿ ಒಂದು ರಾತ್ರಿ ಮಲಗಿ ನೋಡಲಿ. ಹೆಂಗಸರಿಗೆ ಬೇರೆ ಶೌಚಾಲಯ ಇದೆಯಾ, ಅದಕ್ಕೆ ಹೋಗುವ ದಾರಿಯಲ್ಲಿ ದೀಪ ಇದೆಯಾ, ಕೂಸಿಗೆ ಹಾಲು ಕಾಯಿಸೋಕೆ ಜಾಗ ಇದೆಯಾ, ದನ ಕಟ್ಟೋದು ಎಲ್ಲಿ, ಬಿಟ್ಟು ಬಂದ ಮನೆಗೆ ಕಾವಲು ಯಾರು? ಜನ ಮನೆ ಬಿಡದಿರುವುದಕ್ಕೆ ಹಟಕ್ಕಿಂತ ಇಂಥ ಕಾರಣಗಳೇ ಜಾಸ್ತಿ.

ಪ್ರಶ್ನೆ: ನಮ್ಮ ಮನೆ ಹಿಂದೆ ಗುಡ್ಡ ಕಡಿದು ಜಾಗ ಸಮ ಮಾಡಿದ್ದಾರೆ. ಕುಸಿಯುವ ಮುಂಚೆ ಏನಾದರೂ ಗುರುತು ಕಾಣುತ್ತಾ? ತಡೆಗೋಡೆ ಕಟ್ಟಿದರೆ ಸಾಕಾ?

ಗುರುತುಗಳು ಹಲವು ಸಲ ಕಾಣುತ್ತವೆ. ಮೇಲಿನ ನೆಲದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕಂಬ, ಬೇಲಿ ವಾಲುವುದು. ಮೊನ್ನೆವರೆಗೆ ಸರಾಗ ಮುಚ್ಚುತ್ತಿದ್ದ ಬಾಗಿಲು ಈಗ ಸಿಕ್ಕಿಹಾಕಿಕೊಳ್ಳುವುದು, ಗೋಡೆ ನೆಲದ ನಡುವೆ ಸಂದು ಬಿಡುವುದು. ಒಣಗಿದ ಜಾಗದಲ್ಲಿ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಗಾಗುವುದು. ಎಲ್ಲಕ್ಕಿಂತ ಹೆಚ್ಚಾಗಿ ಇದನ್ನು ನೆನಪಿಡಿ: ಜೋರು ಮಳೆ ಬೀಳುತ್ತಿದ್ದರೂ ತೊರೆಯ ನೀರು ಇದ್ದಕ್ಕಿದ್ದಂತೆ ಇಳಿದರೆ ಮೇಲೆಲ್ಲೋ ಮಣ್ಣು ಕುಸಿದು ಹರಿವಿಗೆ ಅಡ್ಡ ಬಿದ್ದಿರಬಹುದು. ಆ ಕಟ್ಟೆ ಒಡೆದರೆ ನೀರು, ಕೆಸರು, ಬಂಡೆ ಎಲ್ಲ ಒಟ್ಟಿಗೆ ಬರುತ್ತೆ. ನೀರು ಇಳಿಯಿತು ಎಂದು ನೋಡೋಕೆ ಹೋಗಬೇಡಿ. ತೊರೆಯ ದಂಡೆ ಬಿಟ್ಟು ಅಕ್ಕಪಕ್ಕದ ಎತ್ತರಕ್ಕೆ ಓಡಿ. ಹರಿವಿನ ದಾರಿಯಲ್ಲೇ ಕೆಳಗೆ ಓಡಬೇಡಿ. ಗುಡುಗಿನ ಹಾಗೆ ನಿಲ್ಲದ ಸದ್ದು, ಮರ ಮುರಿಯುವ ಸದ್ದು ಕೇಳಿದರೆ ಸಾಮಾನು ತೆಗೆದುಕೊಳ್ಳುವಷ್ಟು ಹೊತ್ತೂ ಇಲ್ಲ.

ಗುಡ್ಡ ಯಾಕೆ ಜಾರುತ್ತೆ ಗೊತ್ತಾ? ಮಣ್ಣಿನ ಕಣಗಳು ಒಂದನ್ನೊಂದು ಹಿಡಿದು ನಿಂತಿರುತ್ತವೆ. ಸಂದುಗಳಲ್ಲಿ ನೀರು ತುಂಬಿದಾಗ ಅದರ ಒತ್ತಡ ಕಣಗಳನ್ನು ದೂರ ತಳ್ಳುತ್ತೆ, ಹಿಡಿತ ಸಡಿಲವಾಗುತ್ತೆ. ಜೊತೆಗೆ ನೆನೆದ ಮಣ್ಣು ಭಾರ. ಬುಡ ಕಡಿದಿದ್ದರೆ ಕೆಳಗಿನಿಂದ ಕೊಡುತ್ತಿದ್ದ ಆಸರೆಯೂ ಇಲ್ಲ. ಹಾಗಾಗಿ ಇವತ್ತಿನ ಮಳೆ ಒಂದನ್ನೇ ನೋಡಬಾರದು. ವಾರವಿಡೀ ನೆನೆದ ಗುಡ್ಡಕ್ಕೆ ಇನ್ನೊಂದು ದಿನದ ಮಳೆ ಸಾಕು. ಮಳೆ ನಿಂತ ಮೇಲೂ ಕುಸಿಯಬಹುದು, ಒಳಗಿನ ನೀರು ಇನ್ನೂ ಇಳಿಯುತ್ತಿರುತ್ತೆ.

ಅದಕ್ಕೇ ತಡೆಗೋಡೆಗಿಂತ ಮೊದಲು ನೀರಿಗೆ ದಾರಿ ಮಾಡಬೇಕು. ಗುಡ್ಡದ ಮೇಲ್ಭಾಗದಲ್ಲಿ ಅಡ್ಡ ಚರಂಡಿ ಇರಬೇಕು, ಮೇಲಿಂದ ಹರಿದು ಬರುವ ನೀರು ಇಳಿಜಾರಿನ ಒಳಗೆ ಇಂಗದೆ ಪಕ್ಕಕ್ಕೆ ಹೋಗಬೇಕು. ತಡೆಗೋಡೆಯಲ್ಲಿ ನೀರು ಹೊರಬರೋಕೆ ತೂತುಗಳು ಬೇಕು. ತೂತಿಲ್ಲದ ಗೋಡೆಯ ಹಿಂದೆ ನೀರು ಕಟ್ಟಿಕೊಂಡು ಗೋಡೆಯೇ ಮಣ್ಣಿನ ಜೊತೆ ಬಂದು ಬೀಳುತ್ತೆ. ಇರುವ ತೂತು ಕಸದಿಂದ ಮುಚ್ಚಿದ್ದರೆ ಮಳೆಗೆ ಮುಂಚೆ ಬಿಡಿಸಿ. ಶೌಚಗುಂಡಿ, ತೊಟ್ಟಿ, ಸೋರುವ ಪೈಪು ಇಳಿಜಾರಿನ ಮೇಲ್ಭಾಗದಲ್ಲಿ ಬೇಡ. ಮರ ನೆಟ್ಟರೆ ಮೇಲ್ಪದರದ ಮಣ್ಣಿಗೆ ಒಳ್ಳೆಯದು, ಆದರೆ ಬೇರಿಗಿಂತ ಆಳದಲ್ಲಿ ಜಾರುವ ಗುಡ್ಡವನ್ನು ಮರ ಹಿಡಿಯಲ್ಲ. ಗೋಡೆಯ ವಿನ್ಯಾಸ ಮಾತ್ರ ಮಣ್ಣು ಬಲ್ಲ ಎಂಜಿನಿಯರ್ ನೋಡಿಯೇ ಆಗಬೇಕು, ಇದರಲ್ಲಿ ಅಂದಾಜು ನಡೆಯಲ್ಲ.

ಇದನ್ನೆಲ್ಲ ಒಂದು ಇಡೀ ನಗರ ಮಾಡಿ ತೋರಿಸಿದೆ. 1972ರ ಜೂನ್ 18ರಂದು ಹಾಂಗ್‌ಕಾಂಗ್‌ನಲ್ಲಿ ಎರಡು ಕಡೆ ಗುಡ್ಡ ಕುಸಿದು 138 ಜನ ಸತ್ತರು. 1976ರಲ್ಲಿ ಅದೇ ಎರಡರಲ್ಲಿ ಒಂದು ಬಡಾವಣೆಯಲ್ಲಿ ಮತ್ತೆ ಕುಸಿದು 18 ಜನ. ಮರುವರ್ಷ ಇಳಿಜಾರು ನೋಡಿಕೊಳ್ಳೋಕೆಂದೇ ಒಂದು ಕಚೇರಿ ತೆರೆದರು. ಮನುಷ್ಯರು ಕಡಿದು ಕಟ್ಟಿದ ಸುಮಾರು 60,000 ಇಳಿಜಾರುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ನಂಬರ್ ಕೊಟ್ಟು, ಯಾರು ನೋಡಿಕೊಳ್ಳಬೇಕು ಎಂದು ಗೊತ್ತುಮಾಡಿದರು. ಅಪಾಯದವನ್ನು ಒಂದೊಂದಾಗಿ ಭದ್ರ ಮಾಡಿದರು. ಅಲ್ಲಿ ಈಗಲೂ ಗುಡ್ಡ ಕುಸಿಯುತ್ತೆ, ಆದರೆ ಅಷ್ಟು ಹೆಣ ಬೀಳುವುದಿಲ್ಲ. ನಿಮ್ಮ ಮನೆ ಹಿಂದಿನ ಗುಡ್ಡಕ್ಕೆ ಹೊಣೆ ಯಾರು ಎಂದು ಸ್ಥಳೀಯ ಆಡಳಿತವನ್ನು ಬರವಣಿಗೆಯಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಅಲ್ಲಿಯವರೆಗೆ ಜೋರು ಮಳೆಯ ರಾತ್ರಿ ಬೇರೆ ಕಡೆ ಮಲಗಿ. ಅದೂ ಆಗದಿದ್ದರೆ ಗುಡ್ಡದ ಕಡೆಯ ಕೋಣೆ ಬಿಟ್ಟು ಎದುರು ಕಡೆಯ ಕೋಣೆಯಲ್ಲಿ, ಮಹಡಿ ಇದ್ದರೆ ಮಹಡಿಯಲ್ಲಿ ಮಲಗಿ. ಇದು ಪೂರ್ತಿ ರಕ್ಷಣೆ ಅಲ್ಲ, ಅಪಾಯ ಒಂದಿಷ್ಟು ಕಡಿಮೆಯಾಗುತ್ತೆ ಅಷ್ಟೆ.

ಪ್ರಶ್ನೆ: ರಸ್ತೆ ಮೇಲೆ ಮೊಣಕಾಲುದ್ದ ನೀರಿದ್ದರೆ ಕಾರು ದಾಟಿಸಬಹುದಾ?

ಬೇಡ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಕೆಡವಬಲ್ಲದು. 30 ಸೆಂಟಿಮೀಟರ್‌ಗೆ ಸಣ್ಣ ಕಾರು ತೇಲತೊಡಗುತ್ತೆ, 60 ಸೆಂಟಿಮೀಟರ್‌ಗೆ ದೊಡ್ಡ ಗಾಡಿಗಳೂ ಹೋಗುತ್ತವೆ. ನೀರಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತೆ. ಕೆಳಗೆ ರಸ್ತೆ ಇನ್ನೂ ಇದೆ ಎಂಬುದೂ ಖಾತ್ರಿ ಇಲ್ಲ. ಅಮೆರಿಕದಲ್ಲಿ ನೆರೆಯಲ್ಲಿ ಮುಳುಗಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಾಡಿಯನ್ನು ನೀರಿಗೆ ಇಳಿಸಿದವರು. ಗಾಡಿ ತಿರುಗಿಸಿ.

ಪ್ರಶ್ನೆ: ಅಮ್ಮನಿಗೆ 78 ವರ್ಷ, ನಡೆಯೋಕೆ ಆಗಲ್ಲ. ಹೊರಡಿ ಅಂದರೆ "ನೀವು ಹೋಗಿ, ನನ್ನ ಬಿಡಿ" ಅಂತಾರೆ. ಏನು ಮಾಡಲಿ?

ಈ ಪತ್ರವನ್ನು ಎರಡು ಸಲ ಓದಿದೆ. ಮೇಲೆ ಹೇಳಿದ ಆರ್ ನದಿಯ ದಡದಲ್ಲೇ ಜಿನ್‌ಜಿಗ್ ಎಂಬ ಊರಿದೆ. ಅಲ್ಲಿ ಅಂಗವಿಕಲರ ವಸತಿ ಮನೆಯೊಂದರ ನೆಲಮಹಡಿಯಲ್ಲಿದ್ದ 12 ಜನ ಆ ರಾತ್ರಿ ಮುಳುಗಿ ಸತ್ತರು. ಅವರನ್ನು ಮೇಲಿನ ಮಹಡಿಗೆ ಸಾಗಿಸಿದ್ದರೆ ಸಾಕಿತ್ತು. ಆದರೆ ಒಬ್ಬರಿಂದ ಒಂದು ರಾತ್ರಿಯಲ್ಲಿ ಎಷ್ಟು ಜನರನ್ನು ಎತ್ತೋಕೆ ಆಗುತ್ತೆ ಹೇಳಿ?

ನಡೆಯಲಾಗದವರು ಎಲ್ಲರ ಜೊತೆ ಹೊರಡುವುದಲ್ಲ, ಎಲ್ಲರಿಗಿಂತ ಮೊದಲು ಹೊರಡಬೇಕು. ಊರಿಗೆ ಹಳದಿ ಎಚ್ಚರಿಕೆ ಇದ್ದಾಗಲೇ ಅಮ್ಮನ ಪಾಲಿಗೆ ಅದು ಕೆಂಪು ಎಂದು ತಿಳಿಯಿರಿ. ಹಗಲಲ್ಲಿ, ರಸ್ತೆ ಒಣಗಿದ್ದಾಗ, ನೆಂಟರ ಮನೆಗೆ ಎರಡು ದಿನ ಇರೋಕೆ ಅಂತ ಕರೆದುಕೊಂಡು ಹೋಗಿ. ನೆರೆ ಬರುತ್ತೆ, ಬಿಟ್ಟು ಓಡೋಣ ಎಂದರೆ ಅವರಿಗೆ ತಾನು ಹೊರೆ ಅನ್ನಿಸುತ್ತೆ. "ಎರಡು ದಿನ ಜೊತೆಗಿರಿ ಅಮ್ಮ, ನೀವಿಲ್ಲಿದ್ದರೆ ನನಗೆ ನಿದ್ದೆ ಬರಲ್ಲ" ಎಂದು ಹೇಳಿ ನೋಡಿ. ಅದು ಸುಳ್ಳೂ ಅಲ್ಲ. ಕುರ್ಚಿಯಲ್ಲಿ ಕೂರಿಸಿ ಎತ್ತೋಕೆ ಪಕ್ಕದ ಮನೆಯ ಇಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳಿ, ಒಂದು ಸಲ ಎತ್ತಿ ನೋಡಿ, ಮೆಟ್ಟಿಲಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ಎಂದು ಗೊತ್ತಾಗಲಿ. ಔಷಧಿ, ವೈದ್ಯರ ಚೀಟಿ, ಕನ್ನಡಕ, ಗುರುತಿನ ಚೀಟಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ತೂಗುಹಾಕಿ. ನಿಮ್ಮ ಪ್ರದೇಶದಲ್ಲಿ ಹೀಗೆ ಸಹಾಯ ಬೇಕಾದವರ ಪಟ್ಟಿ ಇದೆಯಾ ಕೇಳಿ, ಇದ್ದರೆ ಅಮ್ಮನ ಹೆಸರು ಸೇರಿಸಿ. ಇಲ್ಲದಿದ್ದರೆ ಬೀದಿಯವರೇ ಸೇರಿ ಬರೆಯಿರಿ, ಒಂದು ಹಾಳೆ ಸಾಕು.

ಪ್ರಶ್ನೆ: ನೀರು ಇಳಿದ ತಕ್ಷಣ ಮನೆಗೆ ಹೋಗಬಹುದಾ?

ತಕ್ಷಣ ಬೇಡ. ಗುಡ್ಡ ಒಮ್ಮೆ ಕುಸಿದರೆ ಅಲ್ಲಿಗೆ ಮುಗಿಯಿತು ಎಂದಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಕೆಲವೇ ಗಂಟೆಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕುಸಿಯಿತು. ಬಿದ್ದವರನ್ನು ಎತ್ತೋಕೆ ಓಡುವ ಮನಸ್ಸು ತಡೆಯೋದು ಕಷ್ಟ, ಆದರೂ ಮೇಲೆ ಒಬ್ಬರು ಕಾವಲು ನಿಂತು ಗುಡ್ಡ ನೋಡುತ್ತಾ ಇರಲೇಬೇಕು.

ನೆರೆ ನೀರು ನುಗ್ಗಿದ ಮನೆಯಾದರೆ ಮೊದಲು ವಿದ್ಯುತ್. ನೀರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ. ಗ್ಯಾಸ್ ವಾಸನೆ ಇದ್ದರೆ ಒಳಗೆ ಹೋಗಬೇಡಿ, ದೀಪ ಹಚ್ಚಬೇಡಿ. ಜನರೇಟರ್ ಮನೆಯೊಳಗೆ ಅಥವಾ ಕಿಟಕಿ ಪಕ್ಕ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನೆರೆಯಿಂದ ಉಳಿದವರು ಇದರಿಂದ ನಿದ್ದೆಯಲ್ಲೇ ಸತ್ತದ್ದಿದೆ. ಕೆಸರು ಬಳಿಯುವಾಗ ಬೂಟು, ಕೈಗವಸು ಇರಲಿ, ಕಾಲಿನ ಗಾಯದಿಂದ ಇಲಿಜ್ವರದ ಸೋಂಕು ಸೇರುತ್ತೆ. ಬಾವಿ ನೀರನ್ನು ಪರೀಕ್ಷೆ ಆಗುವ ತನಕ ಕುಡಿಯಬೇಡಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ದುಡ್ಡಿಲ್ಲ, ತರಬೇತಿ ಇಲ್ಲ. ಏನಾದರೂ ಉಪಯೋಗಕ್ಕೆ ಬರುತ್ತೇನಾ?

ಬರುತ್ತೀರಿ. ಮಳೆ ಅಳೆಯಿರಿ. ದೊಡ್ಡ ಕಚೇರಿಗಳ ಮಾಪಕ ಎಷ್ಟೋ ಕಿಲೋಮೀಟರ್‌ಗೊಂದು ಇರುತ್ತೆ. ಬೆಟ್ಟದ ಊರಿನಲ್ಲಿ ಈ ಬದಿ ಸುರಿದರೆ ಆ ಬದಿ ಒಣಗಿರಬಹುದು. ಮೇಲಿಂದ ಕೆಳಗೆ ಒಂದೇ ಅಗಲ ಇರುವ, ತಳ ಸಮ ಇರುವ ಡಬ್ಬಿ ತೆಗೆದುಕೊಳ್ಳಿ. ಮರ, ಮಾಡು ಅಡ್ಡ ಬರದ ಬಯಲಲ್ಲಿ ಅಲುಗಾಡದಂತೆ ಇಡಿ. ದಿನಾ ಒಂದೇ ಹೊತ್ತಿಗೆ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ಎಂದು ಬರೆದು ಚೆಲ್ಲಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಜೋರು ಮಳೆಯ ದಿನ ಗಂಟೆಗೊಮ್ಮೆ ನೋಡಿ. ಒಂದು ಮಳೆಗಾಲ ಬರೆದರೆ ಎಷ್ಟು ಬಿದ್ದಾಗ ಹೊಳೆ ಎಲ್ಲಿಗೆ ಬಂತು, ಎಲ್ಲಿ ಮಣ್ಣು ಜಾರಿತು ಎಂದು ನಿಮ್ಮ ಪುಸ್ತಕದಲ್ಲೇ ಕಾಣತೊಡಗುತ್ತೆ. ಆ ಪುಸ್ತಕದ ಮೊದಲ ಪುಟದಲ್ಲಿ ತುರ್ತು ಸಂಖ್ಯೆ ಬರೆಯಿರಿ. ಅದರ ಕೆಳಗೆ, ಲೆಕ್ಕ ಏರಿದ ರಾತ್ರಿ ನೀವು ಮೊದಲು ಯಾರ ಬಾಗಿಲು ತಟ್ಟಬೇಕೋ ಆ ಮನೆಗಳ ಹೆಸರು ಬರೆಯಿರಿ.